ಹೆದ್ದಾರಿಯ ಈಚೆಯ ಶಾಲೆಯನ್ನು ಆಚೆಯ ಶಾಲೆಗೆ ಸೇರಿಸಬೇಕೆ?

ಎರಡನೇ ತರಗತಿಯ ತಾಯಿ: ನಮ್ಮ ಕೇರಿಯ ಕಿರಿಯ ಪ್ರಾಥಮಿಕ ಶಾಲೆಯನ್ನು ಹೆದ್ದಾರಿಯಾಚೆಯ ಹಿರಿಯ ಪ್ರಾಥಮಿಕ ಶಾಲೆಯೊಂದಿಗೆ ವಿಲೀನ ಮಾಡುವ ಮಾತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಬಂದಿದೆ. ನನ್ನ ಒಪ್ಪಿಗೆ ಇಲ್ಲ. ಇಬ್ಬರೇ ಶಿಕ್ಷಕರಿದ್ದರೂ ಪ್ರತಿ ಮಗುವಿನ ಮನೆಯ ಕಷ್ಟಸುಖ ಅವರಿಗೆ ಗೊತ್ತು. ಆಚೆಯ ಶಾಲೆಯ ಕಟ್ಟಡ ದೊಡ್ಡದು, ನಿಜ. ಅಲ್ಲಿ ಪಾಠವೂ ಚೆನ್ನಾಗಿದೆ ಎಂದು ಯಾರು ಹೇಳಿದರು? ಆರು ವರ್ಷದ ಮಕ್ಕಳನ್ನು ಲಾರಿಗಳ ನಡುವೆ ದಾಟಿಸುವವರು ಯಾರು?

ಆಚೆ ಶಾಲೆಯ ಪೋಷಕ: ‘ಇಬ್ಬರೇ ಶಿಕ್ಷಕರಿದ್ದರೂ’ ಎಂದು ನೀವೇ ಬರೆದಿದ್ದೀರಿ ಮೇಡಂ. ಐದು ತರಗತಿಗೆ ಇಬ್ಬರು. ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಉಳಿಯುವುದು ಒಬ್ಬರೇ. ಒಂದು, ಎರಡು, ಮೂರನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಗೆ ತುಂಬಿದ್ದಾರೆ. ಇದು ಶಾಲೆಯೋ ದೊಡ್ಡಿಯೋ?

ನಿವೃತ್ತ ಶಿಕ್ಷಕ: ‘ತುಂಬಿದ್ದಾರೆ’ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಅದು ನಲಿ-ಕಲಿ. 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಬಂದು ಆರಂಭಿಸಿದ್ದು, ನಂತರ ರಾಜ್ಯಕ್ಕೆಲ್ಲ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಕಾ ಏಣಿ, ಅಂದರೆ ಪಾಠದ ಮೆಟ್ಟಿಲುಗಳನ್ನು, ಒಂದೊಂದಾಗಿ ಹತ್ತುವುದೇ ಅದರ ತಿರುಳು. ನಿಮ್ಮ ಆಚೆಯ ಶಾಲೆಯಲ್ಲೂ ಅದೇ ನಡೆಯುತ್ತಿದೆ, ಒಮ್ಮೆ ಒಳಗೆ ಹೋಗಿ ನೋಡಿ.

ಆಚೆ ಶಾಲೆಯ ಪೋಷಕ: ‘ತಮ್ಮ ವೇಗದಲ್ಲಿ’! ನಮ್ಮ ಅಣ್ಣನ ಮಗ ಈಚೆಯ ಶಾಲೆಯಲ್ಲಿ ಮೂರನೇ ತರಗತಿ ಮುಗಿಸಿದರೂ ಒತ್ತಕ್ಷರ ಓದಲು ತಡವರಿಸುತ್ತಾನೆ. ಇದು ಯಾವ ವೇಗ?

ನಿವೃತ್ತ ಶಿಕ್ಷಕ: ಒಂದು ಮಗುವನ್ನು ಹಿಡಿದುಕೊಂಡು ಒಂದು ಪದ್ಧತಿಯನ್ನೇ ತೂಗಬೇಡಿ. ಆ ಹುಡುಗ ಎಷ್ಟು ದಿನ ಶಾಲೆಗೆ ಬಂದಿದ್ದಾನೆ ಎಂದು ಹಾಜರಿ ಪುಸ್ತಕ ನೋಡಿದ್ದೀರಾ?

ಆಚೆ ಶಾಲೆಯ ಪೋಷಕ: ಈಗ ತಪ್ಪು ಮಗುವಿನದ್ದಾಯಿತೇ? ಶಿಕ್ಷಕರು ನಿವೃತ್ತರಾದರೂ ಈ ಅಭ್ಯಾಸ ಮಾತ್ರ ನಿವೃತ್ತಿಯಾಗುವುದಿಲ್ಲ.

ಐದನೇ ತರಗತಿ ಹುಡುಗಿಯ ಅಪ್ಪ: ಮೇಷ್ಟ್ರೇ, ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಈ ಶಾಲೆಯಲ್ಲಿ ನಾಲ್ಕು ಮತ್ತು ಐದು ಕೂಡ ಒಂದೇ ಕೋಣೆಯಲ್ಲಿವೆ. ಅದಕ್ಕೆ ಕಾರ್ಡೂ ಇಲ್ಲ, ಏಣಿಯೂ ಇಲ್ಲ. ಒಬ್ಬರೇ ಶಿಕ್ಷಕಿ ನಾಲ್ಕನೆಯವರಿಗೆ ಭಾಗಾಕಾರ ಹೇಳುವಾಗ ನನ್ನ ಮಗಳು ನಕಲು ಬರೆಯುತ್ತಾ ಕೂತಿರುತ್ತಾಳೆ. ಇದಕ್ಕೆ ಯಾವ ಪದ್ಧತಿಯ ಹೆಸರಿದೆ?

ನಿವೃತ್ತ ಶಿಕ್ಷಕ: ನಾನು ಮಾತನಾಡಿದ್ದು ಒಂದರಿಂದ ಮೂರರ ಬಗ್ಗೆ. ಅದಕ್ಕೆ ಉತ್ತರ ಬಂದಿಲ್ಲ.

ಎಸ್‌ಡಿಎಂಸಿ ಮಾಜಿ ಸದಸ್ಯ: ನಲಿ-ಕಲಿ ಬಿಡಿ, ಲೆಕ್ಕಕ್ಕೆ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ತಲಾ 40 ಮಕ್ಕಳ ಎರಡು ಶಾಲೆಗಳಿದ್ದರೆ ಒಟ್ಟು ನಾಲ್ವರು. ಸೇರಿಸಿದರೆ 80 ಮಕ್ಕಳಿಗೆ ಮೂವರು. ನಾಲ್ಕನೆಯವರು ‘ಹೆಚ್ಚುವರಿ’ ಎಂಬ ಪಟ್ಟಿ ಸೇರಿ ಬೇರೆ ಊರಿಗೆ ಹೋಗುತ್ತಾರೆ. ವಿಲೀನದಿಂದ ಉಳಿತಾಯ ಯಾರಿಗೆ ಎಂದು ಈಗ ಹೇಳಿ.

ಐದನೇ ತರಗತಿ ಹುಡುಗಿಯ ಅಪ್ಪ: ‘ಮೂವರು’ ಎಂದಿರಲ್ಲ, ಅದೇ ನನಗೆ ಬೇಕಾದದ್ದು. ಐದು ತರಗತಿಗೆ ಇಬ್ಬರಿರುವುದಕ್ಕಿಂತ ಮೂವರಿರುವುದು ಮೇಲು. ಉಳಿತಾಯ ಸರ್ಕಾರಕ್ಕಾದರೆ ಆಗಲಿ, ಮಗಳಿಗೆ ಗಣಿತ ಬರಲಿ.

ಆಚೆ ಶಾಲೆಯ ಪೋಷಕ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇದನ್ನೇ ಹೇಳುತ್ತದೆ. 2016–17ರಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಶೇ 28ರಷ್ಟರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು. ಇಂಥ ಶಾಲೆಗಳಿಗೆ ಒಳ್ಳೆಯ ಶಿಕ್ಷಕರನ್ನು, ಗ್ರಂಥಾಲಯವನ್ನು, ಆಟದ ಸಾಮಗ್ರಿಯನ್ನು ಕೊಡುವುದು ಕಷ್ಟ ಎಂದು ಅದರಲ್ಲೇ ಇದೆ.

ಎರಡನೇ ತರಗತಿಯ ತಾಯಿ: ಅದೇ ಅಧ್ಯಾಯವನ್ನು ಮುಂದೆ ಓದಿ ಸರ್. ಮಕ್ಕಳಿಗೆ ಶಾಲೆ ದೂರವಾಗದಂತೆ ಖಚಿತಪಡಿಸಿಕೊಂಡ ಮೇಲೆಯೇ ವಿಲೀನ ಮಾಡಬೇಕು ಎಂದಿದೆ. ನಿಮಗೆ ಬೇಕಾದ ಸಾಲಿಗೆ ಗೆರೆ ಎಳೆದು ಉಳಿದದ್ದನ್ನು ಬಿಟ್ಟಿದ್ದೀರಿ.

ಆಚೆ ಶಾಲೆಯ ಪೋಷಕ: ‘ದೂರ’ ಎಂದರೆ ಎಷ್ಟು? ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ನಮ್ಮ ಶಾಲೆ ಅದರೊಳಗೇ ಇದೆ.

ಎರಡನೇ ತರಗತಿಯ ತಾಯಿ: ಕಿಲೋಮೀಟರ್ ಲೆಕ್ಕದಲ್ಲಿ ಹೆದ್ದಾರಿ ಕಾಣುವುದಿಲ್ಲ. ಮೊದಲ ಮಾತಿನಲ್ಲೇ ಕೇಳಿದ್ದೆ, ರಸ್ತೆ ದಾಟಿಸುವವರು ಯಾರು? ಇಷ್ಟು ಜನ ಬರೆದಿರಿ, ಒಬ್ಬರೂ ಹೇಳಲಿಲ್ಲ. ನಾನು ಬೆಳಿಗ್ಗೆ ಕೂಲಿಗೆ ಹೊರಟಾಗ ಶಾಲೆಯ ಗೇಟು ತೆರೆದಿರುವುದಿಲ್ಲ. ಇಲ್ಲಿಯಾದರೆ ಮಗು ಪಕ್ಕದ ಮನೆಯವರೊಂದಿಗೆ ನಡೆದು ಹೋಗುತ್ತದೆ.

ನಿವೃತ್ತ ಶಿಕ್ಷಕ: ‘ದೊಡ್ಡಿ’ ಎಂಬ ಮಾತು ಇನ್ನೂ ಇಲ್ಲಿಯೇ ಇದೆ. ಅದನ್ನು ತೆಗೆಯುವವರೆಗೆ ನಾನು ವಿಲೀನದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆಚೆ ಶಾಲೆಯ ಪೋಷಕ: ತೆಗೆಯುವುದಿಲ್ಲ. ವಾಹನದ ವಿಚಾರವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿದರಾಯಿತು, ಏನಾದರೂ ವ್ಯವಸ್ಥೆ ಆಗುತ್ತದೆ.

ಎಸ್‌ಡಿಎಂಸಿ ಮಾಜಿ ಸದಸ್ಯ: ‘ಏನಾದರೂ’ ಎಂಬುದಕ್ಕೆ ಯಾರೂ ಸಹಿ ಹಾಕಬೇಡಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳುವುದು ಸುಮ್ಮನೆ ಅಲ್ಲ. ವಾಹನ, ಮೂರನೇ ಶಿಕ್ಷಕರು, ದಾಟಿಸುವವರು, ಈ ಮೂರೂ ನಿರ್ಣಯದಲ್ಲಿ ಅಕ್ಷರವಾಗಿ ಬರಬೇಕು.

ಐದನೇ ತರಗತಿ ಹುಡುಗಿಯ ಅಪ್ಪ: ಆ ಕಾಗದ ಬರುವಷ್ಟರಲ್ಲಿ ನನ್ನ ಮಗಳು ಆರನೇ ತರಗತಿಗೆ ಹೇಗೂ ಅದೇ ರಸ್ತೆ ದಾಟುತ್ತಾಳೆ. ಭಾಗಾಕಾರ ಬಾರದೆ ದಾಟುತ್ತಾಳೆ. ನಾನು ಸಹಿ ಹಾಕುತ್ತೇನೆ.

ಎರಡನೇ ತರಗತಿಯ ತಾಯಿ: ನಿಮ್ಮ ಮಗಳಿಗೆ ಹತ್ತು ವರ್ಷ ಅಣ್ಣಾ, ನನ್ನ ಮಗನಿಗೆ ಏಳು. ನಾನು ಹಾಕುವುದಿಲ್ಲ.