ಅಲೋಹಾ ಸರೋವರಕ್ಕೆ ವಾರಾಂತ್ಯದ ಚಾರಣ: ನೀರಿಗಿಳಿಯುವ ಬಗ್ಗೆ ತಿಳಿದವರ ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ವಾಸವಾಗಿದ್ದೇವೆ. ಬರುವ ಬೇಸಿಗೆಯ ಒಂದು ಶನಿವಾರ, ಟಾಹೋ ಸರೋವರದ ನೈಋತ್ಯಕ್ಕಿರುವ ಡೆಸೊಲೇಶನ್ ವೈಲ್ಡರ್‌ನೆಸ್ ಎಂಬ ಸಂರಕ್ಷಿತ ಕಾಡುಪ್ರದೇಶದಲ್ಲಿ ಎಕೋ ಸರೋವರದಿಂದ ಅಲೋಹಾ ಸರೋವರದವರೆಗೆ ನಡೆದು, ಅಲ್ಲಿಯೇ ಒಂದು ರಾತ್ರಿ ತಂಗಿ ಮರುದಿನ ಹಿಂದಿರುಗಬೇಕೆಂದು ನಾನು, ನನ್ನ ಪತ್ನಿ ಮತ್ತು ಹದಿನಾಲ್ಕು ವರ್ಷದ ಮಗಳು ಯೋಚಿಸಿದ್ದೇವೆ. ನಾನು ಈಜು ಕಲಿತದ್ದು ತೀರ್ಥಹಳ್ಳಿಯಲ್ಲಿ, ತುಂಗೆಯ ನೀರಿನಲ್ಲಿ. ಮಗಳು ಕಲಿತದ್ದು ಇಲ್ಲಿನ ಈಜುಕೊಳದಲ್ಲಿ. ಹಿಮ ಕರಗಿ ತುಂಬುವ ನೀರಿಗೆ ಇಬ್ಬರೂ ಇಳಿದವರಲ್ಲ. ಯಾವ ತಿಂಗಳು ಒಳ್ಳೆಯದು, ಮಗಳನ್ನು ನೀರಿಗೆ ಬಿಡಬಹುದೇ, ಪರವಾನಗಿಗೆ ಏನು ಮಾಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ರಾತ್ರಿ ತಂಗುವುದಾದರೆ ಪರವಾನಗಿ ಕಡ್ಡಾಯ. ಬೇಸಿಗೆಯಲ್ಲಿ ಸೆಪ್ಟೆಂಬರ್ 30ರವರೆಗೆ ಪ್ರತಿ ವಲಯಕ್ಕೂ ಇಷ್ಟೇ ಜನ ಎಂಬ ಮಿತಿಯಿದ್ದು, ಮೊದಲ ರಾತ್ರಿ ಯಾವ ವಲಯದಲ್ಲಿ ತಂಗುತ್ತೀರೋ ಅದರ ಲೆಕ್ಕದಲ್ಲಿ ಅನುಮತಿ ಸಿಗುತ್ತದೆ. ಅಲೋಹಾ ವಲಯಕ್ಕೆ ಬೇಡಿಕೆ ಹೆಚ್ಚು, ಆದ್ದರಿಂದ ತಡಮಾಡಬೇಡಿ. ಸೌದೆ ಉರಿಸುವುದಕ್ಕೆ ಅಲ್ಲಿ ಎಲ್ಲಿಯೂ ಅವಕಾಶವಿಲ್ಲ. ಆಹಾರವನ್ನು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲಿಯೇ ಇಡಬೇಕು; ಹಲ್ಲುಜ್ಜುವ ಪೇಸ್ಟ್ ಮತ್ತು ಸನ್‌ಸ್ಕ್ರೀನ್ ಕೂಡ ಅದರೊಳಗೇ ಹೋಗಬೇಕು. ಡಬ್ಬಿಯಲ್ಲಿ ಜಾಗ ಕಡಿಮೆಯಿರುವುದರಿಂದ ನಾವು ಅವಲಕ್ಕಿ, ಚಟ್ನಿಪುಡಿ ಮತ್ತು ಹುರಿದ ಉಪ್ಪಿಟ್ಟಿನ ರವೆಯನ್ನು ಒಯ್ಯುತ್ತೇವೆ.

ಎರಡನೆಯ ಉತ್ತರ

ನೀರಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಊರಿನ ಹೊಳೆ, ಬಾವಿಗಳಲ್ಲಿ ಚೆನ್ನಾಗಿ ಈಜಿದವರೇ ಇಲ್ಲಿ ಎಚ್ಚರ ತಪ್ಪುವುದನ್ನು ನಾನು ಕಂಡಿದ್ದೇನೆ. ಅಲೋಹಾ ಸುಮಾರು 8,100 ಅಡಿ ಎತ್ತರದಲ್ಲಿ, ಬೋಳು ಗ್ರಾನೈಟ್ ಬಂಡೆಗಳ ನಡುವೆ ಹರಡಿಕೊಂಡಿರುವ ಆಳವಿಲ್ಲದ ಸರೋವರ. ಸಣ್ಣ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿರುವುದರಿಂದ ಬೇಸಿಗೆ ಕಳೆಯುತ್ತಾ ಬಂದಂತೆ ನೀರನ್ನು ಹೊರಬಿಡುತ್ತಾರೆ. ಸೆಪ್ಟೆಂಬರ್‌ಗೆ ದಡ ಬಹಳ ದೂರ ಸರಿದಿರುತ್ತದೆ. ಜುಲೈನಲ್ಲಿ ಸೊಳ್ಳೆಯ ಕಾಟ, ನೀರೂ ಕೊರೆಯುತ್ತದೆ. ನನ್ನ ಮಟ್ಟಿಗೆ ಆಗಸ್ಟ್‌ನ ಮೊದಲ ಎರಡು ವಾರಗಳೇ ಸರಿ.

ನಮ್ಮ ತಂಡದ ಒಬ್ಬ ತರುಣ, ಒಳ್ಳೆಯ ಈಜುಗಾರ, ಬೆವರಿದ ಮೈಯಲ್ಲೇ ಬಂಡೆಯಿಂದ ಧುಮುಕಿದ. ತಲೆ ಮೇಲಕ್ಕೆ ಬಂದಾಗ ಕೂಗಲು ಬಾಯಿ ತೆರೆದರೂ ದನಿ ಹೊರಡಲಿಲ್ಲ, ಉಸಿರು ಮಾತ್ರ ಹಿಕ್ ಹಿಕ್ ಎಂದು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಬಂಡೆ ಎರಡೇ ಮಾರು ದೂರವಿದ್ದುದರಿಂದ ಬದುಕಿದ. ತಣ್ಣೀರು ಥಟ್ಟನೆ ಚರ್ಮಕ್ಕೆ ತಗಲಿದಾಗ ಉಸಿರು ನಮ್ಮ ಹಿಡಿತಕ್ಕೆ ಸಿಗುವುದಿಲ್ಲ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ನೀರೇ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಇದು ಇಳಿಯುತ್ತದಾದರೂ, ಹೆಚ್ಚು ಹೊತ್ತು ಇದ್ದರೆ ಕೈಕಾಲುಗಳ ಸ್ನಾಯುಗಳು ತಣಿದು ಎಷ್ಟು ಗಟ್ಟಿ ಈಜುಗಾರನಿಗೂ ಕೈ ಬೀಸಲಾಗದಂತಾಗುತ್ತದೆ.

ಆದ್ದರಿಂದ ಮಗಳು ಖಂಡಿತ ಇಳಿಯಲಿ, ಆದರೆ ಧುಮುಕುವುದು ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ, ಇಳಿಜಾರು ಬಂಡೆಯ ಮೇಲಿಂದ ಮೊಣಕಾಲು, ಸೊಂಟ, ಎದೆ ಎಂದು ನಿಧಾನವಾಗಿ ಇಳಿದು, ಉಸಿರು ಹದಕ್ಕೆ ಬಂದ ಮೇಲಷ್ಟೇ ಕೈ ಬೀಸಲಿ. ದಡಕ್ಕೆ ಸಮಾನಾಂತರವಾಗಿ, ಕಾಲು ಎಟಕುವಷ್ಟು ದೂರದಲ್ಲಿ ಐದು ನಿಮಿಷ ಸಾಕು. ಹೊರಗೆ ಬಂದ ಮೇಲೆ ಕಾದ ಗ್ರಾನೈಟ್ ಬಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಬಿಸಿಯನ್ನು ಮೈಗೆ ಎಳೆದುಕೊಳ್ಳುವ ಸುಖವೊಂದಕ್ಕಾಗಿಯೇ ಅಷ್ಟು ದೂರ ನಡೆಯಬಹುದು. ಗುಡುಗು ಕೇಳಿದರೆ ಮಾತ್ರ ತಕ್ಷಣ ನೀರು ಬಿಡಬೇಕು.

ಮೂರನೆಯ ಉತ್ತರ

ಮೇಲಿನವರು ಹೇಳಿದ್ದನ್ನು ನಾನೂ ಅನುಮೋದಿಸುತ್ತೇನೆ. ನಡಿಗೆ ಒಂದು ಕಡೆಗೆ ಸುಮಾರು 6 ಮೈಲಿ. ಬೇಸಿಗೆಯಲ್ಲಿ ಎಕೋ ಸರೋವರವನ್ನು ದೋಣಿಯಲ್ಲಿ ದಾಟಿದರೆ ಎರಡೂವರೆ ಮೈಲಿಯಷ್ಟು ನಡಿಗೆ ತಪ್ಪುತ್ತದೆ. ಮಗಳ ಕಾಲಿನ ಶಕ್ತಿ ಈಜಿಗೆ ಉಳಿಯಬೇಕಾದರೆ ಹೋಗುವಾಗ ದೋಣಿ ಹಿಡಿಯಿರಿ. ಸೋಪು ಹಚ್ಚಿಕೊಂಡು ನೀರಿಗಿಳಿಯಬೇಡಿ, ಕುಡಿಯುವ ನೀರನ್ನು ಫಿಲ್ಟರ್ ಮಾಡದೆ ಕುಡಿಯಬೇಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಕೃತಜ್ಞತೆಗಳು. ನಾನು ಅಲ್ಲಿಯೂ ತುಂಗೆಯಲ್ಲಿ ಮಾಡುತ್ತಿದ್ದಂತೆ ಬಂಡೆಯಿಂದ ಧುಮುಕಿ ಮಗಳಿಗೆ ತೋರಿಸಬೇಕೆಂದಿದ್ದೆ. ಆ ಯೋಚನೆಯನ್ನು ಬಿಟ್ಟಿದ್ದೇನೆ. ಆಗಸ್ಟ್‌ನ ಎರಡನೆಯ ವಾರಕ್ಕೆ ಪರವಾನಗಿ ಹುಡುಕುತ್ತೇವೆ. ಮೊದಲು ನಾನು ಸೊಂಟದವರೆಗೆ ಇಳಿದು ನಿಲ್ಲುತ್ತೇನೆ, ಆಮೇಲೆ ಅವಳನ್ನು ಕರೆಯುತ್ತೇನೆ.