ಸಹಾಯ ಬೇಕು: ಮಗಳ ಊಟದ ವಿಷಯ

ಎಲ್ಲರಿಗೂ ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ.

ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ ಊಟ ಕಡಿಮೆ ಮಾಡಿದಳು. ಡಯಟ್ ಇರಬೇಕು ಅಂತ ಸುಮ್ನಿದ್ದೆ. ಈಗ ಒಂದೇ ಒಂದು ಕಡಂಬುಟ್ಟನ್ನು (ಅಕ್ಕಿ ತರಿಯ ಉಂಡೆ) ಪುಡಿ ಮಾಡಿ ತಟ್ಟೆ ತುಂಬ ಹರಡುತ್ತಾಳೆ, ಬಾಯಿಗೆ ಹೋಗುವುದು ಎರಡು ಚೂರು. ಕೆಲವು ರಾತ್ರಿ ಮಾತ್ರ ಬಿಸ್ಕತ್ತಿನ ಡಬ್ಬಿಯೇ ಖಾಲಿ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಾಳೆ. ಬಲಗೈ ಬೆರಳ ಗೆಣ್ಣಿನ ಮೇಲೆ ಗಾಯದ ಕಲೆ ಇದೆ. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬಿಚ್ಚುವುದಿಲ್ಲ. ಮೂರು ತಿಂಗಳಿಂದ ಮುಟ್ಟಾಗಿಲ್ಲ.

ಡಾಕ್ಟರೊಬ್ಬರು ‘ವಯಸ್ಸೇ ಹಾಗೆ’ ಅಂತ ಟಾನಿಕ್ ಬರೆದುಕೊಟ್ಟರು. ನೆಂಟರಂತೂ ‘ಸಣ್ಣ ಆಗಿ ಚೆನ್ನಾಗಿ ಕಾಣ್ತಾಳೆ’ ಅಂತ ಹೊಗಳುತ್ತಾರೆ! ಹೊಟ್ಟೆ ಉರಿಯುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಇದು ಹಟ ಅಲ್ಲ, ಕಾಯಿಲೆ ಇರಬಹುದು ಅಂದರು. ಪದೇ ಪದೇ ವಾಂತಿ ಮಾಡಿದರೆ ಪೊಟ್ಯಾಸಿಯಂ ಇಳಿದು ಎದೆಬಡಿತ ಏರುಪೇರಾಗುತ್ತದಂತೆ, ರಕ್ತ ಪರೀಕ್ಷೆ, ಇಸಿಜಿ ಬೇಗ ಮಾಡಿಸಿ ಅಂದರು. ನಾಳೆ ಮಾಡಿಸುತ್ತೇನೆ.

ಮಡಿಕೇರಿಯಲ್ಲಿ ಇಂಥದ್ದು ನೋಡುವ ಮನೋವೈದ್ಯರು ಗೊತ್ತಾ? ಇಲ್ಲ, ನೇರ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗುವುದಾ? ಅವಳ ಹತ್ತಿರ ಮಾತು ಹೇಗೆ ಶುರು ಮಾಡಲಿ? ‘ತಿನ್ನು ಮಗಾ’ ಅಂದರೆ ಸಾಕು, ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಇದನ್ನು ಕಂಡವರಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ.