ಬಾಹ್ಯಾಕಾಶದಲ್ಲಿ ಗ್ರಾವಿಟಿನೇ ಇಲ್ದಿರೋ ಜಾಗ ಅಂತ ಒಂದಾದ್ರೂ ಇದ್ಯಾ?

ಪ್ರಶ್ನೆ (ಪಾಂಡವಪುರದಿಂದ):
ಸಾರ್ ನಮಸ್ಕಾರ. ನನ್ ಮಗಳು ಒಂಬತ್ತನೇ ಕ್ಲಾಸು. ಶುಭಾಂಶು ಶುಕ್ಲಾ ಸ್ಪೇಸ್ ಸ್ಟೇಷನ್ನಲ್ಲಿ ತೇಲಾಡೋ ವೀಡಿಯೋ ನೋಡಿದಾಗಿಂದ ತಲೆ ತಿಂತಾವ್ಳೆ. ಅಲ್ಲಿ ಗ್ರಾವಿಟಿ ಇರಲ್ಲ ಕಣವ್ವ ಅಂದೆ, ಇಲ್ದಿದ್ರೆ ಸ್ಟೇಷನ್ನು ಭೂಮಿ ಸುತ್ತ ಯಾಕಪ್ಪ ಸುತ್ತುತ್ತೆ, ಸೀದಾ ಹೊರ್ಟೋಗ್ಬೇಕಿತ್ತಲ್ವಾ ಅಂದ್ಲು. ನಂಗೆ ಬಾಯಿ ಕಟ್ಟೋಯ್ತು. ಗ್ರಾವಿಟಿ ಇಲ್ಲದ ಜಾಗ ಎಲ್ಲಾದ್ರೂ ಐತಾ, ಇಲ್ವಾ?

ಉತ್ತರ (ಫಿಸಿಕ್ಸ್ ಲೆಕ್ಚರರ್, ಮಂಡ್ಯ):
ನಿಮ್ ಮಗಳೇ ಮುಕ್ಕಾಲು ಉತ್ತರ ಹೇಳ್ಬಿಟ್ಟಿದಾಳೆ ಅಣ್ಣ. ಸ್ಟೇಷನ್ ಇರೋದು ಸುಮಾರು 400 ಕಿ.ಮೀ ಎತ್ತರದಲ್ಲಿ, ಅಂದ್ರೆ ಮೈಸೂರಿಂದ ಹುಬ್ಬಳ್ಳಿಗೆ ಹೋಗೋಷ್ಟು ದೂರ ಅಷ್ಟೇ, ಮೇಲ್ಮುಖವಾಗಿ. ಅಲ್ಲೀವರೆಗೂ ಒಂದು ಟವರ್ ಕಟ್ಟಿ ತುದೀಲಿ ತೂಕದ ಮಷೀನ್ ಇಟ್ಟು ನಿಂತ್ಕೊಂಡ್ರೆ 60 ಕೆಜಿ ಇರೋರು 53 ಕೆಜಿ ತೂಗ್ತಾರೆ, ತೇಲಲ್ಲ. ಮತ್ತೆ ಅವ್ರು ಯಾಕೆ ತೇಲ್ತಾರೆ ಅಂದ್ರೆ, ಬೀಳ್ತಾ ಇದಾರೆ, ಸ್ಟೇಷನ್ನೂ ಬೀಳ್ತಿದೆ, ಒಳಗಿರೋ ಪೆನ್ನು ನೀರು ಎಲ್ಲಾನೂ ಒಟ್ಟಿಗೆ ಬೀಳ್ತಿವೆ, ಆದ್ರೆ ಗಂಟೆಗೆ 28,000 ಕಿ.ಮೀ ಸ್ಪೀಡಲ್ಲಿ ಪಕ್ಕಕ್ಕೂ ಹೋಗ್ತಿರೋದ್ರಿಂದ ಕೆಳಗೆ ಭೂಮಿ ಬಾಗ್ತಾ ಹೋಗುತ್ತೆ, ನೆಲ ಸಿಗೋದೇ ಇಲ್ಲ.

ಮನೇಲೇ ತೋರ್ಸಿ. ವಾಟರ್ ಬಾಟ್ಲಿ ತಳದ ಹತ್ರ ಮೊಳೇಲಿ ತೂತು ಮಾಡಿ, ನೀರು ತುಂಬಿ ಮುಚ್ಚಳ ಹಾಕ್ದೆ ಹಿಡ್ಕೊಳ್ಳಿ, ತೂತಿಂದ ನೀರು ಚಿಮ್ಮುತ್ತೆ. ಈಗ ಮಹಡಿಯಿಂದ ಕೈ ಬಿಡಿ (ಕೆಳಗೆ ಯಾರೂ ಇಲ್ಲ ಅಂತ ನೋಡ್ಕೊಂಡು!), ಮಗಳು ಮೊಬೈಲಲ್ಲಿ ಸ್ಲೋ ಮೋಷನ್ ತೆಗೀಲಿ. ಬೀಳೋವಷ್ಟು ಹೊತ್ತೂ ನೀರು ನಿಂತೋಗಿರುತ್ತೆ. ಗ್ರಾವಿಟಿ ಎಲ್ಲೂ ಹೋಗಿಲ್ಲ, ಅದೇ ಎಳೀತಿರೋದು, ಬಾಟ್ಲಿ ನೀರು ಎರಡೂ ಒಂದೇ ಥರ ಬೀಳೋದ್ರಿಂದ ನೀರು ಬಾಟ್ಲೀನ ಒತ್ತಲ್ಲ ಅಷ್ಟೇ.

ಇನ್ನೊಬ್ರು (ಮೈಸೂರು, ಕುವೆಂಪುನಗರ):
ಸೂರ್ಯನ್ನ ನೋಡೋಕೆ ಇಸ್ರೋ ಕಳ್ಸಿರೋ ಆದಿತ್ಯ ಎಲ್1 ನೌಕೆ ಇರೋ ಜಾಗದಲ್ಲಿ ಸೂರ್ಯಂದು ಭೂಮೀದು ಎಳೆತ ಸಮ ಆಗಿ ಕ್ಯಾನ್ಸಲ್ ಆಗುತ್ತೆ ಅಂತ ಟೀವೀಲಿ ಹೇಳಿದ್ರಲ್ಲ ಸಾರ್?

ಉತ್ತರ:
ತುಂಬಾ ಜನ ಹಂಗೇ ಹೇಳ್ತಾರೆ, ತಪ್ಪು. ಎಲ್1 ಅನ್ನೋ ಆ ಜಾಗ ಇರೋದು ನಮ್ಮಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ ದೂರ, ಅಲ್ಲಿ ಸೂರ್ಯನ ಎಳೆತ ಭೂಮೀದಕ್ಕಿಂತ 30 ಪಟ್ಟಿಗೂ ಜಾಸ್ತಿ. ಸೂರ್ಯಂಗೆ ಹತ್ರ ಇರೋ ವಸ್ತು ಭೂಮಿಗಿಂತ ಬೇಗ ಸುತ್ತು ಮುಗಿಸ್ಬೇಕು, ಆದ್ರೆ ಭೂಮಿ ಹಿಂದಕ್ಕೆ ಸ್ವಲ್ಪ ಎಳ್ದು ಇಟ್ಕೊಳ್ಳುತ್ತೆ, ಅದಕ್ಕೇ ಆದಿತ್ಯನೂ ನಮ್ ಜೊತೆ ಒಂದೇ ವರ್ಷದಲ್ಲಿ ಸುತ್ತುತ್ತೆ. ಎರಡೂ ಎಳೆತ ನಿಜವಾಗ್ಲೂ ಸಮ ಆಗೋ ಜಾಗ ನಮ್ಮಿಂದ ಬರೀ 2.6 ಲಕ್ಷ ಕಿ.ಮೀ, ಚಂದ್ರಂಗಿಂತಾ ಈಚೆಗೆ! ಹಂಗಂದ್ರೆ ಚಂದ್ರನ್ನ ಭೂಮಿಗಿಂತ ಸೂರ್ಯನೇ ಎರಡು ಪಟ್ಟು ಜಾಸ್ತಿ ಎಳೀತಿದಾನೆ. ಆ ಜಾಗಕ್ಕೆ ಹೋದ್ರೂ ಚಂದ್ರನ ಎಳೆತ ಇದ್ದೇ ಇರುತ್ತೆ.

ಮತ್ತೊಬ್ರು (ಮದ್ದೂರು):
ಗೆಲಾಕ್ಸಿಗಳ ಮಧ್ಯೆ ಖಾಲಿ ಜಾಗಕ್ಕೆ ಹೋದ್ರೆ ಸಾ?

ಉತ್ತರ:
ಕಮ್ಮಿ ಆಗುತ್ತೆ, ಮುಗಿಯಲ್ಲ. ದೂರ ಎರಡು ಪಟ್ಟಾದ್ರೆ ಎಳೆತ ಕಾಲು ಭಾಗ, ಹತ್ತು ಪಟ್ಟಾದ್ರೆ ನೂರನೇ ಒಂದು ಭಾಗ, ಹಿಂಗೇ ಇಳೀತಾ ಹೋಗುತ್ತೇ ಹೊರತು ಇಲ್ಲಿಗೆ ಖತಂ ಅನ್ನೋ ಗಡಿ ಇಲ್ಲ. ಆಂಡ್ರೊಮಿಡಾ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರ ಇದೆ, ಅಷ್ಟು ದೂರದಿಂದ್ಲೂ ಸೆಕೆಂಡಿಗೆ ಸುಮಾರು 110 ಕಿ.ಮೀ ಲೆಕ್ಕದಲ್ಲಿ ನಮ್ ಕಡೆ ಬರ್ತಿದೆ. ಎಲ್ಲಾ ಕಡೆ ಎಳೆತಾನೂ ಕೂಡಿ ಕಳ್ದು ಸೊನ್ನೆ ಆಗೋ ಬಿಂದುಗಳು ಲೆಕ್ಕದಲ್ಲಿ ಸಿಗ್ತವೆ, ಆದ್ರೆ ಅದು ಬಿಂದು, ಜಾಗ ಅಲ್ಲ. ಒಂಚೂರು ಆಕಡೆ ಸರಿದ್ರೆ ಎಳೆತ ಶುರು, ಮೇಲಾಗಿ ಎಲ್ಲಾ ಓಡಾಡ್ತಿರೋದ್ರಿಂದ ಆ ಬಿಂದೂನೂ ನಿಂತಲ್ಲಿ ನಿಲ್ಲಲ್ಲ.

ಪ್ರಶ್ನೆ ಕೇಳಿದವರು:
ಸಾರ್ ಪಕ್ಕದಲ್ಲೇ ಕೂತವ್ಳೆ, ಭೂಮಿ ನಡುಮಧ್ಯಕ್ಕೆ ಇಳಿದ್ರೆ ಏನಾಗುತ್ತೆ ಕೇಳಪ್ಪ ಅಂತಾವ್ಳೆ.

ಉತ್ತರ:
ಸೂಪರ್ ಪ್ರಶ್ನೆ. ಅಲ್ಲಿ ಭೂಮಿ ಸುತ್ತಲಿಂದ್ಲೂ ಸಮವಾಗಿ ಎಳೆಯುತ್ತೆ, ಹಂಗಾಗಿ ಭೂಮಿ ಲೆಕ್ಕದಲ್ಲಿ ತೂಕ ಸೊನ್ನೆ, ಸೂರ್ಯ ಚಂದ್ರರ ಎಳೆತ ಮಾತ್ರ ಹಂಗೇ ಇರುತ್ತೆ. ತೇಲ್ಬೋದು, ಆದ್ರೆ ಅಲ್ಲಿ ಶಾಖ 5,000 ಡಿಗ್ರಿ ದಾಟಿರುತ್ತೆ ಅಂತ ಹೇಳಿ ಪುಟ್ಟಿಗೆ.